ವಿದ್ಯುತ್ತಿನ ಪೇಟೆಯೂ ಸ್ಪರ್ಧೆಯ ಕಾನೂನೂ

ನಾಗನೂರಿನಲ್ಲಿ ನಮ್ಮ ತಂದೆಯವರದೊಂದು ಹಿಟ್ಟಿನ ಗಿರಣಿಯಿದೆ. ಹತ್ತು ಅಶ್ವಶಕ್ತಿಯ ಆ ಮೋಟಾರಿನ ದುಡಿಮೆಯಿಂದಲೇ ನಾನು ಬಿ.ಎ. ಅಂತಿಮ ವರ್ಷದವರೆಗೆ ಬಂದಿದ್ದೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆಚೆ ಓಣಿಯಲ್ಲಿ ಇನ್ನೊಂದು ಗಿರಣಿಯಿದೆ. ಹೋದ ವರ್ಷ ಇಬ್ಬರು ಗಿರಣಿಯವರೂ ಕೂಡಿ ಮಾತಾಡಿ, ಬೀಸುವ ದರವನ್ನು ಒಂದೇ ದಿನ ಏರಿಸಿದರು. ಜೋಳದ ಬುಟ್ಟಿ ಹೊತ್ತು ಬಂದ ಹೆಣ್ಣುಮಕ್ಕಳು ನಮ್ಮ ದರ ಕೇಳಿ ಆಚೆ ಓಣಿಗೆ ಹೋದರು. ಅಲ್ಲಿಯೂ ಅದೇ ದರ ಕೇಳಿ ತಿರುಗಿ ನಮ್ಮಲ್ಲಿಗೇ ಬಂದರು.

ಈ ವರ್ಷ ಅರ್ಥಶಾಸ್ತ್ರದ ತರಗತಿಯಲ್ಲಿ ಸ್ಪರ್ಧಾ ಕಾಯ್ದೆಯ ಪಾಠ ಕೇಳುವಾಗ ಆ ಬುಟ್ಟಿಗಳು ನನ್ನ ಕಣ್ಣಮುಂದೆ ಬಂದವು. 1969ರ ಏಕಸ್ವಾಮ್ಯ ನಿಯಂತ್ರಣ ಕಾಯ್ದೆಯ ಸ್ಥಾನದಲ್ಲಿ ಬಂದುದು 2002ರ ಸ್ಪರ್ಧಾ ಕಾಯ್ದೆ. ಪ್ರತಿಸ್ಪರ್ಧಿಗಳು ಒಳಗೊಳಗೇ ಒಪ್ಪಂದ ಮಾಡಿಕೊಂಡು ಬೆಲೆ ಕಟ್ಟಬಾರದು ಎಂಬುದು ಅದರ 3ನೆಯ ಕಲಮಿನ ತಾತ್ಪರ್ಯ. ಪೇಟೆಯಲ್ಲಿ ಪ್ರಬಲನಾದವನು ತನ್ನ ಪ್ರಾಬಲ್ಯವನ್ನು ದುರುಪಯೋಗ ಮಾಡಬಾರದು ಎಂಬುದು 4ನೆಯದರ ತಾತ್ಪರ್ಯ. ಈ ಎರಡೂ 2009ರ ಮೇ 20ರಿಂದ ಜಾರಿಯಲ್ಲಿವೆ. ದೊಡ್ಡವನಾಗುವುದು ತಪ್ಪಲ್ಲ, ದೊಡ್ಡಸ್ತಿಕೆಯಿಂದ ಇತರರನ್ನು ಹಿಂಡುವುದು ತಪ್ಪು ಎಂಬುದೇ ಇದರ ಸಾರ.

ಊರಿಗೆ ಹೋದಾಗ ಈ ಮಾತನ್ನು ತಂದೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮಾ, ನನ್ನ ದರ ಹೆಚ್ಚಾದರ ಮಂದಿ ಇನ್ನೊಂದು ಗಿರಣಿಗೆ ಹೋಗ್ತಾರ. ಕರೆಂಟಿನ ದರ ಹೆಚ್ಚಾದರ ನಾ ಯಾವ ಅಂಗಡಿಗೆ ಹೋಗಲಿ?" ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ವಿದ್ಯುತ್ತಿನ ವ್ಯವಹಾರದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಉತ್ಪಾದನೆ. ಇಲ್ಲಿ ಸ್ಪರ್ಧೆ ಸಾಧ್ಯ. 2003ರ ವಿದ್ಯುಚ್ಛಕ್ತಿ ಕಾಯ್ದೆ ಉತ್ಪಾದನೆಗೆ ಲೈಸೆನ್ಸಿನ ಅಗತ್ಯವನ್ನೇ ತೆಗೆದುಹಾಕಿತು. 2008ರಿಂದ ನಮ್ಮ ದೇಶದಲ್ಲಿ ವಿದ್ಯುತ್ತನ್ನು ಮಾರಿ ಕೊಳ್ಳುವ ವಿನಿಮಯ ಕೇಂದ್ರಗಳೂ ನಡೆದಿವೆ. ಎರಡನೆಯದು ಕಂಬ, ತಂತಿಗಳ ಭಾಗ. ಒಂದೇ ಓಣಿಯಲ್ಲಿ ಎರಡು ಕಂಪನಿಗಳು ಎರಡು ಸಾಲು ಕಂಬ ನೆಟ್ಟರೆ ಖರ್ಚು ಇಮ್ಮಡಿಯಾಗುತ್ತದೆ. ಆ ಹೊರೆ ಕೊನೆಗೆ ಬಳಕೆದಾರನ ಹೆಗಲಿಗೇ ಬೀಳುತ್ತದೆ. ಇದನ್ನೇ ಅರ್ಥಶಾಸ್ತ್ರಜ್ಞರು ಸಹಜ ಏಕಸ್ವಾಮ್ಯವೆನ್ನುತ್ತಾರೆ. 2003ರ ಕಾಯ್ದೆಯ 14ನೆಯ ಕಲಮು ಒಂದೇ ಪ್ರದೇಶದಲ್ಲಿ ಎರಡನೆಯ ವಿತರಕನಿಗೆ ಅವಕಾಶ ಕೊಟ್ಟಿದ್ದರೂ, ಮುಂಬಯಿಯ ಉಪನಗರಗಳಂತಹ ಕೆಲವು ಕಡೆಗಳನ್ನು ಬಿಟ್ಟರೆ ಅದು ಬಳಕೆಗೆ ಬಂದುದು ಅಪರೂಪ. ಬೇರೆಡೆಯಿಂದ ವಿದ್ಯುತ್ ಕೊಂಡು ಇದೇ ತಂತಿಯ ಮೂಲಕ ತರಿಸಿಕೊಳ್ಳುವ ಹಕ್ಕನ್ನು ಆ ಕಾಯ್ದೆ ಒಂದು ಮೆಗಾವ್ಯಾಟಿಗೆ ಮೇಲ್ಪಟ್ಟವರಿಗೆ ಉದ್ದೇಶಿಸಿತು. ಅಂದರೆ ಸುಮಾರು 1,340 ಅಶ್ವಶಕ್ತಿ! ಹಸಿರು ವಿದ್ಯುತ್ತಿಗೆ 2022ರ ನಿಯಮಗಳು ಈ ಮಿತಿಯನ್ನು 100 ಕಿಲೋವ್ಯಾಟಿಗೆ ಇಳಿಸಿದವು. ನಮ್ಮ ಹತ್ತು ಅಶ್ವಶಕ್ತಿಯ ಗಿರಣಿಗೆ ಆ ಬಾಗಿಲೂ ತೆರೆಯದು.

ಹಾಗಾದರೆ ಚಿಕ್ಕವನಿಗೆ ಆಸರೆ ಯಾವುದು? ಒಂದು ಆಸರೆ ನಮ್ಮ ನೆರೆಯಲ್ಲಿಯೇ ಇದೆ. ಗೋಕಾಕ ದಾಟಿ ಪಡುವಣಕ್ಕೆ ಹೋದರೆ ಹುಕ್ಕೇರಿ ತಾಲ್ಲೂಕು. ಅಲ್ಲಿ ವಿದ್ಯುತ್ ಹಂಚುವುದು ನಮ್ಮಲ್ಲಿಯಂತೆ ಹೆಸ್ಕಾಂ ಕಂಪನಿಯಲ್ಲ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ದೇಶದಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಐದು ಇಂತಹ ಸಂಘಗಳಲ್ಲಿ ಅದೂ ಒಂದು. ಅಲ್ಲಿಯೂ ತಂತಿ ಒಂದೇ, ಅಂಗಡಿಯೂ ಒಂದೇ. ಆದರೆ ಸದಸ್ಯನಾದ ಬಳಕೆದಾರ ಆ ಅಂಗಡಿಯ ಪಾಲುದಾರ. ಆಡಳಿತ ಮಂಡಳಿಯ ಚುನಾವಣೆಯಲ್ಲಿ ಅವನಿಗೆ ಮತವಿದೆ. ಸಹಕಾರವೊಂದೇ ಸರ್ವರೋಗಕ್ಕೆ ಮದ್ದೆಂದು ನಾನು ಹೇಳಲಾರೆ. ಆ ಐದರಲ್ಲೊಂದಾದ ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘದ ವಿತರಣೆಯ ಹೊಣೆ 2011ರಲ್ಲಿ ಅಲ್ಲಿನ ಸರಕಾರಿ ಕಂಪನಿಯ ಪಾಲಾಯಿತು. ಒಡೆತನ ಜನರದಾದರೂ ಲೆಕ್ಕ ನೋಡುವವರು ಬೇಕೇ ಬೇಕು.

ಆ ಲೆಕ್ಕ ನೋಡುವುದು 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಹೆಸ್ಕಾಂ ಆಗಲಿ, ಹುಕ್ಕೇರಿಯ ಸಂಘವಾಗಲಿ, ದರವನ್ನು ತಾವೇ ಕಟ್ಟುವಂತಿಲ್ಲ; ಖರ್ಚಿನ ಪಟ್ಟಿಯೊಡನೆ ಆಯೋಗದ ಮುಂದೆ ಅರ್ಜಿ ಹಾಕಬೇಕು. ಪ್ರಾಬಲ್ಯದ ದುರುಪಯೋಗ ಕಂಡರೆ 60ನೆಯ ಕಲಮಿನಂತೆ ಆಯೋಗವು ನಿರ್ದೇಶನ ಕೊಡಬಹುದು. 64ನೆಯ ಕಲಮಿನಂತೆ ದರದ ಅರ್ಜಿಯನ್ನು ಪ್ರಕಟಿಸಬೇಕು. ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಶೀಲಿಸಿದ ಮೇಲೆಯೇ ಆದೇಶ ಹೊರಡಬೇಕು. ಎರಡನೆಯ ಅಂಗಡಿಯಿಲ್ಲದವನಿಗೆ ಕಾನೂನು ಕೊಟ್ಟಿರುವುದು ಈ ಮಾತಾಡುವ ಹಕ್ಕು. ಜೋಳದ ಬುಟ್ಟಿಯವರು ಹಿಂದಿರುಗಿ ಹೋಗಬಲ್ಲರು. ನಾವು ಹೋಗಲಾರೆವು, ಆದರೆ ಎದ್ದು ನಿಂತು ಕೇಳಬಲ್ಲೆವು. ಕೇಳದೆ ಕೂತರೆ ಆ ಹಕ್ಕು ಕಾಗದದಲ್ಲಿಯೇ ಉಳಿದೀತು.

ದೀಪಾವಳಿಯ ರಜೆಯಲ್ಲಿ ಇದನ್ನೆಲ್ಲ ತಂದೆಯವರಿಗೆ ಓದಿ ಹೇಳಿದೆ. "ಮುಂದಿನ ಸಲ ಪೇಪರಿನ್ಯಾಗ ಬಂದಾಗ ತೋರಿಸು. ನೀ ಬರಿ, ನಾ ಸಹಿ ಮಾಡ್ತೀನಿ" ಎಂದರು. ನಾನು ಸಂತೋಷದಿಂದ ಒಪ್ಪಿದೆ. ಆದರೆ ಅವರ ಆಕ್ಷೇಪಣೆಯನ್ನು ಬರೆಯುವ ಮೊದಲು, ಬುಟ್ಟಿ ಹೊತ್ತು ಬರುವವರ ಆಕ್ಷೇಪಣೆಗೂ ನಾವು ಉತ್ತರ ಕೊಡಬೇಕಲ್ಲವೇ ಎಂದು ಕೇಳಿದೆ. ಅವರು ನಕ್ಕು ಗಿರಣಿಯ ಪಟ್ಟಾ ಏರಿಸಲು ಎದ್ದುಹೋದರು. ಆ ಮಾತು ನಮ್ಮಿಬ್ಬರ ನಡುವೆ ಇನ್ನೂ ಬಾಕಿಯಿದೆ.