ರಾಯಚೂರಿನ ಬಿಸಿಲಿಗೆ ಯಾವ ಕಾರು ತಾಳೀತು?

ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಇಲ್ಲಿ ವಿದ್ಯುತ್ ಕಾರು ಅಥವಾ ಹೈಬ್ರಿಡ್ ಕೊಳ್ಳುವವರು ಷೋರೂಮಿಗೆ ಹೋಗುವ ಮುನ್ನವೇ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಬ್ಯಾಟರಿ ಈ ಬಿಸಿಲಿಗೆ ಎಷ್ಟು ವರ್ಷ ತಾಳುತ್ತದೆ? ರಾತ್ರಿ ಎಲ್ಲಿ ಚಾರ್ಜ್ ಮಾಡುವುದು?

1. ಓಡಾಟದ ಲೆಕ್ಕ ಬರೆದಿಡಿ

ರಾಯಚೂರಿನಿಂದ ಮಾನ್ವಿಗಾಗಲಿ ದೇವದುರ್ಗಕ್ಕಾಗಲಿ ಸುಮಾರು 50 ಕಿ.ಮೀ.; ಹೋಗಿಬಂದರೆ 100. ಕಂಪನಿ ಹೇಳುವ ರೇಂಜ್ ಪ್ರಯೋಗಾಲಯದ್ದು. ಎ.ಸಿ. ಹಾಕಿ ಹೆದ್ದಾರಿಯಲ್ಲಿ ಓಡಿಸಿದರೆ ಅದರ ಮೂರನೇ ಎರಡು ಪಾಲು ಸಿಗುತ್ತದೆ ಎಂದಿಟ್ಟುಕೊಳ್ಳಿ. 300 ಕಿ.ಮೀ. ಎಂದಿದ್ದರೆ 200, ಬ್ಯಾಟರಿ ಪೂರ್ತಿ ಬರಿದಾಗದಂತೆ ಸ್ವಲ್ಪ ಉಳಿಸಿಕೊಂಡರೆ 160. ನಿತ್ಯದ ಓಡಾಟಕ್ಕೆ ಇಷ್ಟು ಧಾರಾಳ. ಹೈದರಾಬಾದಿನ ಆಸ್ಪತ್ರೆಗೋ ಬೆಂಗಳೂರಿಗೋ ಮೇಲಿಂದ ಮೇಲೆ ಹೋಗಬೇಕಾದ ಮನೆಗೆ ಮಾತ್ರ ಸದ್ಯಕ್ಕೆ ಹೈಬ್ರಿಡ್ ಮೇಲು. ಮಾರ್ಗದ ವೇಗದ ಚಾರ್ಜರ್‌ಗಳು ಕೆಲಸ ಮಾಡುತ್ತಿವೆಯೇ ಎಂದು ಖುದ್ದಾಗಿ ನೋಡಿಬನ್ನಿ; ಆ್ಯಪ್ ಒಂದನ್ನೇ ನಂಬಿ ಹೊರಡಬೇಡಿ.

2. ಮೀಟರು, ಅರ್ಥಿಂಗ್

ನಮ್ಮ ಭಾಗದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. 100 ಕಿ.ಮೀ.ಗೆ ಸುಮಾರು 15 ಯೂನಿಟ್ ಬೇಕು. 15 ಆಂಪಿಯರ್ ಪ್ಲಗ್‌ನಲ್ಲಿ ಅದು ಐದಾರು ಗಂಟೆಯ ಕೆಲಸ, ರಾತ್ರಿ ಮಲಗಿ ಏಳುವಷ್ಟರಲ್ಲಿ ಆಗುತ್ತದೆ. ಆದರೆ ತಿಂಗಳಿಗೆ 25 ದಿನ ಹೀಗೆ ಓಡಿಸಿದರೆ 375 ಯೂನಿಟ್. ಮನೆಯ ಮೀಟರಿನಿಂದಲೇ ಚಾರ್ಜ್ ಮಾಡಿದರೆ ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಿ ಪೂರ್ತಿ ಬಿಲ್ ಮೈಮೇಲೆ ಬರುತ್ತದೆ. ಆದ್ದರಿಂದ ಕಾರು ಬುಕ್ ಮಾಡುವ ಮೊದಲೇ ಜೆಸ್ಕಾಂ ಕಚೇರಿಗೆ ಹೋಗಿ ಪ್ರತ್ಯೇಕ ಮೀಟರು, ಇವಿ ಚಾರ್ಜಿಂಗ್ ದರ, ಮಂಜೂರಾದ ಲೋಡ್ ಮೂರನ್ನೂ ವಿಚಾರಿಸಿ. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಕಿ.ಮೀ.ಗೆ ಒಂದು ರೂಪಾಯಿ ಚಿಲ್ಲರೆ. ಪೆಟ್ರೋಲ್ ಕಾರಿಗೆ ಐದಾರು ರೂಪಾಯಿ ಬೇಕು.

ಅರ್ಥಿಂಗ್ ಸರಿಯಿಲ್ಲದಿದ್ದರೆ ಅನೇಕ ಚಾರ್ಜರ್‌ಗಳು ಕೆಲಸವನ್ನೇ ಶುರುಮಾಡುವುದಿಲ್ಲ. ಬೇಸಿಗೆಯಲ್ಲಿ ಎರೆಭೂಮಿ ಒಣಗಿ ಬಿರಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ, ಗುಂಡಿಗೆ ಆಗಾಗ ನೀರು ಹಾಕಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಎಂದೂ ಬೇಡ.

3. ಬ್ಯಾಟರಿಯ ಜಾತಕ

ಲಿಥಿಯಂ ಬ್ಯಾಟರಿಗೆ ಶಾಖವೇ ದೊಡ್ಡ ಶತ್ರು. ಎಲ್‌ಎಫ್‌ಪಿ ಮತ್ತು ಎನ್‌ಎಂಸಿ ಎಂಬ ಎರಡು ಬಗೆ ಮಾರುಕಟ್ಟೆಯಲ್ಲಿವೆ. ಎನ್‌ಎಂಸಿ ಹಗುರ. ಎಲ್‌ಎಫ್‌ಪಿ ತೂಕ ಹೆಚ್ಚು, ಆದರೆ ಶಾಖ ತಡೆಯುವುದರಲ್ಲೂ ಬಾಳಿಕೆಯಲ್ಲೂ ಮುಂದೆ. ನಮ್ಮ ಊರಿಗೆ ನಾನು ಎಲ್‌ಎಫ್‌ಪಿಯನ್ನೇ ಹೇಳುತ್ತೇನೆ, ಅದೂ ದ್ರವದಿಂದ ತಂಪಾಗುವ ವ್ಯವಸ್ಥೆ ಇದ್ದರೆ ಮಾತ್ರ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇರುತ್ತದೆ. ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿ ಕೊಡುತ್ತಾರೆ ಎಂಬ ಸಾಲನ್ನು ಕಾಗದದಲ್ಲೇ ಓದಿ. ಮಾರಾಟಗಾರನ ಬಾಯಿಮಾತು ಸಾಲದು.

4. ಹೈಬ್ರಿಡ್ ಆದರೆ

ಮೈಲ್ಡ್ ಹೈಬ್ರಿಡ್ ಇಂಜಿನ್‌ಗೆ ಕೈಜೋಡಿಸುವ ಸಣ್ಣ ಏರ್ಪಾಟು ಅಷ್ಟೆ. ದೊಡ್ಡ ಉಳಿತಾಯ ನಿರೀಕ್ಷಿಸಬೇಡಿ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್, ಇನ್ನೋವಾ ಹೈಕ್ರಾಸ್‌ಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗಳು ಸ್ವಲ್ಪ ದೂರ ಬರೀ ಮೋಟಾರಿನಲ್ಲೇ ಓಡುತ್ತವೆ, ಪ್ಲಗ್ ಬೇಕಿಲ್ಲ. ತೆರಿಗೆಯ ಅಂತರ ಮಾತ್ರ ದೊಡ್ಡದು: 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯಲ್ಲಿ ವಿದ್ಯುತ್ ಕಾರಿಗೆ ಶೇ 5 ಉಳಿಯಿತು, ಇಂಥ ದೊಡ್ಡ ಹೈಬ್ರಿಡ್‌ಗಳಿಗೆ ಶೇ 40 ಆಯಿತು.

ಅನೇಕ ಹೈಬ್ರಿಡ್‌ಗಳಲ್ಲಿ ಬ್ಯಾಟರಿಯನ್ನು ತಂಪಾಗಿಸುವ ಗಾಳಿಕಿಂಡಿ ಹಿಂದಿನ ಸೀಟಿನ ಬಳಿ ಇರುತ್ತದೆ. ಹತ್ತಿ, ಭತ್ತದ ಸುಗ್ಗಿಯಲ್ಲಿ ಅಲ್ಲಿ ಎಳೆ, ಹೊಟ್ಟು, ದೂಳು ಕೂತರೆ ಬ್ಯಾಟರಿ ಕಾಯುತ್ತದೆ. ಚೀಲ ಅಡ್ಡ ಇಡಬೇಡಿ, ಪ್ರತಿ ಸರ್ವಿಸ್‌ನಲ್ಲೂ ಜಾಲರಿ ತೆಗೆಸಿ ಸ್ವಚ್ಛ ಮಾಡಿಸಿ.

5. ಕೊಂಡ ಮೇಲೆ

ನೆರಳಲ್ಲಿ ನಿಲ್ಲಿಸಿ, ತಗಡಿನ ಶೆಡ್ ಆದರೆ ಎರಡು ಕಡೆ ಗಾಳಿಯಾಡಲಿ. ಮಧ್ಯಾಹ್ನ ಓಡಿಸಿ ಬಂದ ತಕ್ಷಣ ಚಾರ್ಜ್‌ಗೆ ಹಾಕದೆ, ತಣ್ಣಗಾದ ಮೇಲೆ ರಾತ್ರಿ ಹಾಕಿ. ದಿನನಿತ್ಯಕ್ಕೆ ಶೇ 80 ಸಾಕು. ಎಲ್‌ಎಫ್‌ಪಿಯನ್ನು ಮಾತ್ರ ಕಂಪನಿಯ ಕೈಪಿಡಿ ಹೇಳುವಂತೆ ಆಗಾಗ ಶೇ 100 ತುಂಬಿಸಬೇಕು, ಇಲ್ಲದಿದ್ದರೆ ಕಾರು ತೋರಿಸುವ ಚಾರ್ಜ್ ಲೆಕ್ಕ ತಪ್ಪುತ್ತದೆ. ವೇಗದ ಚಾರ್ಜರ್ ದೂರದ ಪಯಣಕ್ಕಿರಲಿ.

ಹಳೆಯ ವಿದ್ಯುತ್ ಕಾರು ಕೊಳ್ಳುವುದಾದರೆ ಓಡಿದ ಕಿ.ಮೀ.ಗಿಂತ ಬ್ಯಾಟರಿಯ ಆರೋಗ್ಯ ವರದಿ ಮುಖ್ಯ. ಕಂಪನಿಯ ಸರ್ವಿಸ್ ಕೇಂದ್ರದಿಂದ ಅದನ್ನು ಬರಹದಲ್ಲಿ ಪಡೆದು, ಉಳಿದ ವಾರಂಟಿ ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ ಎಂದು ತಿಳಿದುಕೊಂಡ ಮೇಲಷ್ಟೇ ಮುಂಗಡ ಕೊಡಿ.