ಶೈಲಿಹಾಳೆಯಲ್ಲಿ ವಿಶೇಷಾಕ್ಷರ: ಹಳಗನ್ನಡ ಪಠ್ಯದ ದೃಷ್ಟಿಯಿಂದ

ಹಳಗನ್ನಡ ಕಾವ್ಯವನ್ನು ಜಾಲಪುಟಕ್ಕೆ ಅಳವಡಿಸುವಾಗ ಪದ್ಯಾಂತ್ಯದ ಜೋಡಿದಂಡವನ್ನು (॥) ಪ್ರತಿ ಸಲವೂ ಬೆರಳಚ್ಚಿಸಬೇಕಿಲ್ಲ. ಪುಟವಿನ್ಯಾಸದ ಶೈಲಿಹಾಳೆಯಲ್ಲಿ 'ಆಫ್ಟರ್' ಎಂಬಲ್ಲಿನ 'ಕಂಟೆಂಟ್' ಗುಣಕ್ಕೆ "\0965" ಎಂಬ ಯುನಿಕೋಡ್ ಸಂಕೇತವನ್ನು ಒಮ್ಮೆ ಕೊಟ್ಟರೆ ಸಾಕು. ದೇವನಾಗರಿ ವಿಭಾಗದ ಈ ಚಿಹ್ನೆಯೇ ಕನ್ನಡಕ್ಕೂ ವಿಹಿತವಾಗಿರುವುದರಿಂದ, ಮಂಗಸೂಳಿಯಂತಹ ಗಡಿ ಊರಿನ ಕನ್ನಡ, ಮರಾಠಿ ಪದ್ಯಗಳೆರಡಕ್ಕೂ ಒಂದೇ ನಿಯಮ ಸಾಲುತ್ತದೆ.

ಆದರೆ ೞಕಾರಕ್ಕೆ ಈ ಉಪಾಯ ಸಲ್ಲದು. ಶೈಲಿಹಾಳೆಯ ಅಕ್ಷರ ತೆರೆಯ ಮೇಲೆ ಮೂಡುತ್ತದೆಯೇ ಹೊರತು ಪಠ್ಯದೊಳಗೆ ಸೇರುವುದಿಲ್ಲ. ನಕಲಿಸಿದಾಗ ಅದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ, ಹುಡುಕಿದರೂ ಸಿಗುವುದಿಲ್ಲ. 'ಬಾೞ್' ಎಂಬುದು 'ಬಾ' ಎಂದುಳಿದರೆ ಪಾಠವೇ ಕೆಟ್ಟಂತೆ. ಆದ್ದರಿಂದ ೞ, ಱಗಳನ್ನು ಮೂಲಪಠ್ಯದಲ್ಲಿಯೇ ಬೆರಳಚ್ಚಿಸಬೇಕು. ಯುನಿಕೋಡ್ ಪಟ್ಟಿಯಲ್ಲಿ ೞಕಾರಕ್ಕೆ 'ಫ' ಎಂಬ ತಪ್ಪು ಹೆಸರು ಅಂಟಿಕೊಂಡಿದೆ. ಒಮ್ಮೆ ಇಟ್ಟ ಹೆಸರನ್ನು ಅಲ್ಲಿ ಬದಲಿಸುವಂತಿಲ್ಲ. ಸಂಪಾದಕರು ಹೆಸರನ್ನು ನಂಬದೆ ಅಕ್ಷರರೂಪವನ್ನೇ ನೋಡಿ ಆಯ್ದುಕೊಳ್ಳುವುದು ಕ್ಷೇಮ.