ವಿಧಿ ಮತ್ತು ಮಾನವ ಪ್ರಯತ್ನ

ಕಲಬುರಗಿ ಜಿಲ್ಲೆಯ ಶಹಾಬಾದವು ಕಲ್ಲಿಗೆ ಹೆಸರಾದ ಊರು. ಅಲ್ಲಿ ಸುಣ್ಣಕಲ್ಲು ನೆಲದೊಳಗೆ ಪದರು ಪದರಾಗಿ ಹಾಸಿಕೊಂಡಿದೆ. ಆ ಪದರುಗಳು ಗಣಿಯ ಕೆಲಸಗಾರನ ಸೃಷ್ಟಿಯಲ್ಲ; ಆದರೆ ಉಳಿಯನ್ನು ಎಲ್ಲಿ ಇಡಬೇಕು, ಎಷ್ಟು ಬಲದಿಂದ ಹೊಡೆಯಬೇಕು ಎಂಬುದು ಅವನ ಕೈಯಲ್ಲಿದೆ. ಹಾಸುಗಲ್ಲು ಒಡೆದುಹೋದರೆ ಅದನ್ನು ನಸೀಬು ಎನ್ನಬೇಕೆ, ಅಜಾಗರೂಕತೆ ಎನ್ನಬೇಕೆ? ಬಾಳಿನಲ್ಲಿ ದೈವಸಂಕಲ್ಪವೆಷ್ಟು, ಮಾನವನ ಹೊಣೆಯೆಷ್ಟು? ಇಸ್ಲಾಂ ಧರ್ಮದ ಚಿಂತಕರು ಶತಮಾನಗಳ ಕಾಲ ಈ ಪ್ರಶ್ನೆಯನ್ನು ವಿವೇಚಿಸಿದ್ದಾರೆ.

ಅಲ್ಲಾಹನು ಸರ್ವಜ್ಞನು, ಸರ್ವಶಕ್ತನು ಎಂಬುದು ಇಸ್ಲಾಮಿನ ಮೂಲ ನಂಬಿಕೆ. ಅವನ ನಿರ್ಣಯಕ್ಕೆ 'ಖದರ್' ಅಥವಾ 'ತಖ್ದೀರ್' ಎಂದು ಹೆಸರು. ಪ್ರತಿಯೊಬ್ಬನೂ ತನ್ನ ಕಾರ್ಯಗಳಿಗೆ ಅಂತಿಮ ದಿನದಂದು ಉತ್ತರ ಕೊಡಬೇಕೆಂಬುದೂ ಅಷ್ಟೇ ಮುಖ್ಯವಾದ ನಂಬಿಕೆ. ಎಲ್ಲವೂ ಮೊದಲೇ ನಿಶ್ಚಿತವಾಗಿದ್ದರೆ ತಪ್ಪಿತಸ್ಥನನ್ನು ದಂಡಿಸುವುದು ನ್ಯಾಯವೆ?

ಖಲೀಫ ಉಮರರ (ಆಳ್ವಿಕೆ 634–644) ಒಂದು ಪ್ರಸಂಗ ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಅವರು ಸಿರಿಯಾಕ್ಕೆ ಹೋಗುತ್ತಿದ್ದಾಗ ಅಲ್ಲಿ ಮಹಾಮಾರಿ ಹಬ್ಬಿರುವ ಸುದ್ದಿ ಬಂದಿತು. ಅವರು ಹಿಂದಿರುಗಲು ನಿಶ್ಚಯಿಸಿದರು. ದೇವರ ನಿರ್ಣಯದಿಂದ ಓಡಿಹೋಗುವಿರಾ ಎಂದು ಸೇನಾನಿ ಅಬೂ ಉಬೈದಾ ಕೇಳಿದರು. ದೇವರ ಒಂದು ನಿರ್ಣಯದಿಂದ ಇನ್ನೊಂದು ನಿರ್ಣಯದೆಡೆಗೆ ಹೋಗುತ್ತಿರುವುದಾಗಿ ಉಮರರು ಉತ್ತರಿಸಿದರು. ಎಚ್ಚರ ವಹಿಸುವುದೂ ದೈವಸಂಕಲ್ಪಕ್ಕೆ ಹೊರತಲ್ಲವೆಂಬುದೇ ಇದರ ತಾತ್ಪರ್ಯ.

ಮುಂದೆ ಅಭಿಪ್ರಾಯಭೇದಗಳು ತೀವ್ರವಾದವು. ಮಾನವನಿಗೆ ಸ್ವಾತಂತ್ರ್ಯವೇ ಇಲ್ಲವೆಂದು ಜಬ್ರಿಯಾ ಪಂಥದವರು, ಉಂಟೆಂದು ಖದರಿಯಾ ಪಂಥದವರು ವಾದಿಸಿದರು. ಇದು ಕೇವಲ ಪಂಡಿತರ ಚರ್ಚೆಯಾಗಿರಲಿಲ್ಲ. ಉಮಯ್ಯಾದ್ ಅರಸರು ತಮ್ಮ ಅಧಿಕಾರವನ್ನು ದೇವರ ನಿರ್ಣಯವೆಂದು ಸಮರ್ಥಿಸಿಕೊಳ್ಳುತ್ತಿದ್ದರು. ಹಾಗಿರುವಾಗ, ದಬ್ಬಾಳಿಕೆಯ ಹೊಣೆಯನ್ನು ವಿಧಿಯ ಮೇಲೆ ಹೊರಿಸಲಾಗದೆಂದು ಸಾರುವುದು ಅಪಾಯಕರವಾಗಿತ್ತು. ಖದರಿಯಾ ಚಿಂತಕ ಘೈಲಾನನು ಖಲೀಫ ಹಿಶಾಮನ ಕಾಲದಲ್ಲಿ ಮರಣದಂಡನೆಗೆ ಗುರಿಯಾದನು.

ದೇವರು ನ್ಯಾಯವಂತನಾದುದರಿಂದ ಮಾನವನೇ ತನ್ನ ಕಾರ್ಯಗಳ ಕರ್ತೃವೆಂದು ಬಸ್ರಾದ ಮುಅತಜಿಲಾ ಪಂಡಿತರು ಪ್ರತಿಪಾದಿಸಿದರು. ಮೊದಲು ಅವರಲ್ಲೊಬ್ಬರಾಗಿದ್ದ ಅಲ್ ಅಶ್ಅರಿ (ಮರಣ 936) ಮಧ್ಯಮಾರ್ಗವೊಂದನ್ನು ಸೂಚಿಸಿದರು. ಕ್ರಿಯೆಯನ್ನು ಸೃಷ್ಟಿಸುವವನು ದೇವರು. ಅದನ್ನು ತನ್ನದಾಗಿಸಿಕೊಳ್ಳುವವನು ಮಾನವ. ಈ ಗಳಿಕೆಯೇ 'ಕಸ್ಬ್'. ಹೊಣೆ ಹುಟ್ಟುವುದು ಇಲ್ಲಿಯೇ. ಸಮರಖಂಡದ ಅಲ್ ಮಾತುರೀದಿ (ಮರಣ 944) ಮಾನವನ ಆಯ್ಕೆಗೆ ಇನ್ನೂ ಹೆಚ್ಚಿನ ಸ್ಥಾನವನ್ನು ಕೊಟ್ಟರು.

ಈ ಚಿಂತನಧಾರೆ ಶಹಾಬಾದಕ್ಕೆ ಸಮೀಪದ ಕಲಬುರಗಿಗೂ ಹರಿದುಬಂದಿತು. ಖಾಜಾ ಬಂದೇನವಾಜರು (1321–1422) ತೈಮೂರನ ದಾಳಿಯ ಸಮಯದಲ್ಲಿ, 1398ರಲ್ಲಿ, ದಿಲ್ಲಿಯನ್ನು ತೊರೆದರು. ಫಿರೋಜ್ ಷಾ ಬಹಮನಿಯ ಆಳ್ವಿಕೆಯಲ್ಲಿ ಕಲಬುರಗಿಗೆ ಬಂದು ನೆಲೆಸಿದರು. ಅಬೂ ಹನೀಫಾರ ಹೆಸರಿನಲ್ಲಿ ಪ್ರಸಿದ್ಧವಾದ, ವಿಧಿಯ ಪ್ರಶ್ನೆಯನ್ನೂ ಒಳಗೊಂಡ 'ಫಿಖ್ಹ್ ಅಕ್ಬರ್' ಗ್ರಂಥಕ್ಕೆ ಬರೆದ ವ್ಯಾಖ್ಯಾನವೂ ಅವರ ಕೃತಿಗಳಲ್ಲಿ ಸೇರಿದೆ. ಎಂಬತ್ತರ ಅಂಚಿನಲ್ಲಿ ಅವರು ಕೈಗೊಂಡ ದೀರ್ಘ ಪ್ರಯಾಣವು, ದೇವರಲ್ಲಿ ಭರವಸೆಯೆಂದರೆ ಕೈಕಟ್ಟಿ ಕೂರುವುದಲ್ಲವೆಂಬುದಕ್ಕೆ ನಿದರ್ಶನದಂತಿದೆ.

ವಿಧಿಯಲ್ಲಿನ ನಂಬಿಕೆ ಕಷ್ಟಕಾಲದಲ್ಲಿ ಧೈರ್ಯವನ್ನು ಕೊಡಬಲ್ಲದು. ಆದರೆ ಅದು ತಪ್ಪಿಗೆ ನೆಪವಾಗಬಾರದು, ಅನ್ಯಾಯಕ್ಕೆ ಆಸರೆಯಾಗಬಾರದು.

ಅಭ್ಯಾಸ
1. ಉಮರರ ಉತ್ತರದ ತಾತ್ಪರ್ಯವೇನು?
2. ಘೈಲಾನನ ಕಾಲದಲ್ಲಿ ಮಾನವ ಸ್ವಾತಂತ್ರ್ಯದ ವಾದವು ಅಪಾಯಕರವಾಗಿದ್ದುದೇಕೆ?
3. 'ಕಸ್ಬ್' ಎಂದರೇನು? ಸ್ವಂತ ಉದಾಹರಣೆಯೊಡನೆ ವಿವರಿಸಿರಿ.